ತವೆಯ ತಳದ ಬಣ್ಣ

ಶಾಲನಬಾಯಿಯನ್ನು ನಾನು ಮೊದಲ ಸಲ ನೋಡಿದ್ದು ಅರಿಷಿಣದ ಚೀಲದ ಮೇಲೆ. ಆಗ ಆಕೆಗೆ ಬಾಯಿ ಅನ್ನುವ ಮರ್ಯಾದೆ ಇನ್ನೂ ಬಂದಿರಲಿಲ್ಲ. ಎರಡು ಜಡೆಯ ಹುಡುಗಿ. ಬೇಡಗದ ನೇಮಿನಾಥಪ್ಪ ಸಾಂಗ್ಲಿ ಪೇಟೆಗೆ ಮಾಲು ತಂದಾಗಲೆಲ್ಲ ಮಗಳನ್ನೂ ಗಾಡಿಯಲ್ಲಿ ಕೂಡ್ರಿಸಿಕೊಂಡು ಬರುತ್ತಿದ್ದ. ನಾನು ನಮ್ಮಪ್ಪನ ಅರಿಷಿಣದ ಅಂಗಡಿಯ ಗಾದಿಯ ಅಂಚಿಗೆ ಕುಂತು ದಂಧೆ ಕಲಿಯುತ್ತಿದ್ದ ಕಾಲ ಅದು. ಮಾಲು ಮಾರಿಹೋಗುವ ತನಕ ಆಕೆ ಚೀಲದ ಮೇಲೆ ಕುಂತು ಪೇಟೆ ಮಂದಿಯ ಮಾತು ಕೇಳುತ್ತಿದ್ದಳು. ಹಂಗೆ ಸುಮ್ಮನೆ ಕುಂತು ಕೇಳುವ ಮಕ್ಕಳ ಮುಂದೆ ಹುಷಾರಾಗಿರಬೇಕು. ಅವು ಮರೆಯುವುದಿಲ್ಲ.

ಪೇಟೆಯ ಒಂದು ಮಾತನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ. ಹೊಲದಿಂದ ಬಂದು, ಬೇಯಿಸಿ ಒಣಗಿಸಿದ ಅರಿಷಿಣದ ಕೊಂಬು ನೀವು ಅಂಗಡಿಯಲ್ಲಿ ನೋಡುವ ಹಾಗೆ ಇರುವುದಿಲ್ಲ. ಮಣ್ಣಿನ ಬಣ್ಣ, ಒರಟು ಮೈ. ಅದನ್ನು ಡ್ರಮ್ಮಿಗೆ ಹಾಕಿ ಗರಗರ ತಿರುಗಿಸಿ ಪಾಲೀಶ್ ಮಾಡುತ್ತೇವೆ. ಸಿಪ್ಪೆ ಸವೆಯುತ್ತದೆ, ತೂಕ ಇಳಿಯುತ್ತದೆ, ಹಳದಿ ಹೊಳೆಯುತ್ತದೆ, ದರ ಏರುತ್ತದೆ. ಒಳಗಿನ ಸರಕು ಮಾತ್ರ ಮೊದಲಿದ್ದದ್ದೇ. ಪಾಲೀಶ್ ಹಿಡಿಯದ ಕಪ್ಪು ರಾಶಿ ಬಂದರೆ ಖರೀದಿದಾರನಿಗೆ ನಾವು ಹೇಳುವುದು ಒಂದೇ: “ರಂಗ ಬಿಡ್ರಿ ಸಾವ್ಕಾರ, ಗುಣಾ ನೋಡ್ರಿ.” ಕೇಳಿದ ಕೂಡಲೇ ಅವನು ಮನಸ್ಸಿನೊಳಗೆ ದರ ಇಳಿಸಿಕೊಳ್ಳುತ್ತಾನೆ. ಇಳಿಸಿಕೊಳ್ಳಲಿ ಅಂತಲೇ ನಾವೂ ಹೇಳುವುದು. ಮಾಲು ಹೋಗಬೇಕಲ್ಲ.

ನೇಮಿನಾಥಪ್ಪನ ಮಗಳು ಕಪ್ಪು. ಬಣ್ಣಕ್ಕೆ ಮೆತ್ತನೆಯ ಹೆಸರಿಡುವುದು ನಮ್ಮ ಹೊಟ್ಟೆಪಾಡು. ಆದರೆ ಈ ಬರಹದಲ್ಲಿ ಅದನ್ನು ಮಾಡಿದರೆ ಶಾಲನಬಾಯಿ ಮನೆಯಲ್ಲಿ ನನಗೆ ಮತ್ತೆ ಚಹಾ ಸಿಕ್ಕುವುದಿಲ್ಲ. ಕಪ್ಪು ಅಂದರೆ ಕಪ್ಪೇ.

ಆಕೆ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಸಾಂಗ್ಲಿಯ ವಿಶ್ರಾಮಬಾಗದ ಒಂದು ಶಾಲೆಯಲ್ಲಿ ಟೀಚರ್ ಆದಳು. ಮದುವೆ ಮಾತ್ರ ಎಳೆದಾಡಿತು. ಕಡೆಗೆ ರಾವಸಾಬನ ಮನೆಯವರು ಒಪ್ಪಿದರು. ರಾವಸಾಬ ಬ್ಯಾಂಕಿನ ಗುಮಾಸ್ತ. ಮಾತು ಕಡಿಮೆ, ಚಹಾ ಜಾಸ್ತಿ. ಆತನ ತಾಯಿ ಜಿನಮತಿಬಾಯಿ ಕೇದಿಗೆ ಬಣ್ಣದ ಹೆಂಗಸು, ಆ ಬಣ್ಣವನ್ನು ತಾನೇ ದುಡಿದು ಗಳಿಸಿದಂತೆ ಓಡಾಡುವವಳು. ಸೊಸೆಯನ್ನು ಆಕೆ ಎಂದೂ ಬಯ್ದವಳಲ್ಲ. ಬಂದವರ ಮುಂದೆ ಹೊಗಳುತ್ತಲೇ ಬಂದಳು: “ನಮ್ಮ ಶಾಲನ ಭಾಳ ಗುಣವಂತಿ ನೋಡ್ರಿ.” ಅಡುಗೆಯಲ್ಲಿ ಚಲೋ, ಪಾಠದಲ್ಲಿ ಚಲೋ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವುದರಲ್ಲಂತೂ ಭಾಳ ಚಲೋ. ಚೆಂದ ಅದಾಳ ಅನ್ನುವ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ಆಕೆಯೂ ಆ ಮಾತಿಗೆ ಕಾದಂತೆ ಕಾಣಲಿಲ್ಲ.

ಪಾಠ ಹೇಳುವುದರಲ್ಲಿ ಆಕೆಗೆ ಒಂದು ಪದ್ಧತಿ ಇತ್ತು. ಯಾವ ಕವಿತೆಯೇ ಇರಲಿ, ಕಡೆಗೆ ಬೋರ್ಡಿನ ಮೇಲೆ ‘ಮಧ್ಯವರ್ತಿ ಕಲ್ಪನಾ’, ಅಂದರೆ ಮರಾಠಿಯಲ್ಲಿ ಕವಿತೆಯ ತಿರುಳು, ಅಂತ ಬರೆದು ಕೆಳಗೆ ಎರಡು ಸಾಲು. ಮಳೆಯ ಕವಿತೆಗೆ ನಿಸರ್ಗಪ್ರೇಮ, ತಾಯಿಯ ಕವಿತೆಗೆ ತ್ಯಾಗ, ರೂಪ-ಬಣ್ಣದ ಕವಿತೆಗೆ ‘ಹೊರಗಿನ ಚೆಲುವಿಗಿಂತ ಒಳಗಿನ ಚೆಲುವು ದೊಡ್ಡದು’. ಮಕ್ಕಳು ಬಾಯಿಪಾಠ ಮಾಡಿ ಮಾರ್ಕು ತಂದವು. ಎಲ್ಲ ಮಾಲಿಗೂ ಒಂದೇ ಮಾಪು ಇದ್ದರೆ ವ್ಯಾಪಾರ ಸಲೀಸು. ಶಾಲನಬಾಯಿಗೆ ಒಳ್ಳೆಯ ಟೀಚರ್ ಅನ್ನುವ ಹೆಸರು ಬಂತು.

ಹೋದ ಜೂನಿನಲ್ಲಿ ಆಕೆಯ ಮಾಡಿಯ ಖೋಲಿಗೆ ನೀಮಾ ಬಂದಳು. ಟಾಂಜಾನಿಯಾ ದೇಶದ ಹುಡುಗಿ, ಸಮುದ್ರದಂಡೆಯ ಟಾಂಗಾ ಊರಿನವಳು, ಇಲ್ಲಿ ಫಾರ್ಮಸಿ ಓದುತ್ತಾಳೆ. ವಿಶ್ರಾಮಬಾಗದ ಗೇಟುಗಳ ಮೇಲೆ ‘ಖೋಲಿ ಬಾಡಿಗೆಗಿದೆ’ ಅನ್ನುವ ಬೋರ್ಡಿಗೆ ಬರ ಇಲ್ಲ. ಆದರೆ ಈ ಹುಡುಗಿ ಗೇಟು ತೆಗೆದ ಕೂಡಲೇ ಆ ಖೋಲಿಗಳೆಲ್ಲ ನಿನ್ನೆಯೇ ಹೋಗಿರುತ್ತಿದ್ದವು. ಬೋರ್ಡು ಮಾತ್ರ ಅಲ್ಲೇ. ಶಾಲನಬಾಯಿ ಕೀಲಿ ಕೊಟ್ಟಳು. ಜಿನಮತಿಬಾಯಿ ಷರತ್ತು ಕೊಟ್ಟಳು: ಮನೆಯಲ್ಲಿ ಮಾಂಸ ಬೇಯಬಾರದು, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯೂ ಇಲ್ಲ. ನೀಮಾ ಎಲ್ಲಕ್ಕೂ ಹೂಂ ಅಂದು ಗಂಟು ಇಳಿಸಿದಳು. ಕಡ್ಲಿಹಿಟ್ಟಿನ ಝುಣಕಾದ ಸಂಗಡ ಹಸಿಮೆಣಸಿನಕಾಯಿ ಕುಟ್ಟಿದ ಖರ್ಡಾ ತಿನ್ನುವುದರಲ್ಲಿ ಈಗ ಆ ಮನೆಯವರೆಲ್ಲ ಆಕೆಯ ಹಿಂದೆ.

ರವಿವಾರ ಆ ಮನೆಯಲ್ಲಿ ಎರಡು ಕೆಲಸ ನಡೆಯುತ್ತಿದ್ದವು. ಮಾಳಿಗೆಯ ಮೇಲೆ ನೀಮಾ ಕೂದಲನ್ನು ಸಾಲು ಸಾಲಾಗಿ ಹೆಣೆದುಕೊಂಡು, ಕೈಕಾಲಿಗೆ ಕೊಬ್ಬರಿಎಣ್ಣೆ ತೀಡಿ, ಬಿಸಿಲಿಗೆ ಹಿಡಿದು ಮಿಂಚು ಬಂತೇ ಅಂತ ನೋಡಿಕೊಳ್ಳುತ್ತಿದ್ದಳು. ಕೆಳಗೆ ಜಿನಮತಿಬಾಯಿ ಕಡ್ಲಿಹಿಟ್ಟು, ಅರಿಷಿಣ, ಹಾಲಿನ ಕೆನೆ ಕಲಸಿ, ಮೊಮ್ಮಗಳು ಸಂಪದಾಳ ಮುಖ-ಕುತ್ತಿಗೆ ತಿಕ್ಕುತ್ತಿದ್ದಳು. ಅರಿಷಿಣ ನಮ್ಮ ಅಂಗಡಿಯದ್ದೇ. ಸಂಪದಾ ಶಾಲನಬಾಯಿಯ ಒಬ್ಬಳೇ ಮಗಳು, ಮಿರಜೆಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ, ಬಣ್ಣದಲ್ಲಿ ತಾಯಿಯನ್ನು ತುಸು ದಾಟಿದವಳು. ಶಾಲೆಯಲ್ಲಿ ಆಕೆಯನ್ನು ಹುಡುಗರು ‘ತವಾ’ ಅಂತ ಕರೆಯುತ್ತಿದ್ದರು. ಆಕೆ ಅಳುತ್ತ ಬಂದ ದಿನ ಜಿನಮತಿಬಾಯಿ ಹಿಟ್ಟು ಕಲಸಲು ಸುರು ಮಾಡಿದ್ದು, ನಿಂತಿರಲಿಲ್ಲ. ಪಾತ್ರೆ ತಿಕ್ಕುವುದರಲ್ಲಿಯೂ ಆ ಮುದುಕಿಯ ಹೆಸರು ದೊಡ್ಡದು. ಆಕೆಯ ಮನೆಯ ತವೆಯ ತಳದಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದು.

ಸಂಪದಾಳಿಗೆ ಸಂಬಂಧ ತಂದವನು ನಾನು. ಮಿರಜೆಯ ಕಿಶೋರ ನಮ್ಮ ಹಳೆಯ ಗಿರಾಕಿ, ಮಸಾಲೆ ಕುಟ್ಟುವ ಗಿರಣಿ ಇದೆ. ಅವರೂ ಬೇಡಗದ ಕಡೆಯ ಜೈನರೇ. ಮಗ ಧೀರಜ ಹತ್ತಿರದ ಕುಪವಾಡದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರಖಾನೆ ಇಟ್ಟಿದ್ದಾನೆ. ಹುಡುಗ-ಹುಡುಗಿ ಮಿರಜೆಯಲ್ಲಿ ಭೆಟ್ಟಿಯಾಗಿ ಚಹಾ ಕುಡಿದು, ಒಂದು ಚಹಾಕ್ಕೆ ಆಗಬೇಕಾದ ಹೊತ್ತಿಗಿಂತ ಭಾಳ ಹೊತ್ತು ಕುಂತು ಎದ್ದರಂತೆ. ಸಂಪದಾ ಮನೆಗೆ ಬಂದು, ಹೊರಟು ನಿಂತವಳಂತೆ ಕಪಾಟಿನ ಬಟ್ಟೆ ತೆಗೆದು ಜೋಡಿಸಲು ಕುಂತಳು. ನನಗೆ ಅಷ್ಟು ಸಾಕಾಯಿತು. ಉಳಿದದ್ದು ಹುಡುಗನ ತಾಯಿ ತ್ರಿಶಲಾಬಾಯಿಯ ಒಪ್ಪಿಗೆ. ಆಕೆ ನೋಡಿದ್ದು ಫೋಟೋ ಮಾತ್ರ, ಸ್ಟುಡಿಯೋದವನು ದೀಪ ಹಾಕಿ ತೆಗೆದದ್ದು. ಬಯೋಡಾಟಾದಲ್ಲಿ ಬಣ್ಣದ ಮುಂದೆ ಜಿನಮತಿಬಾಯಿ ‘ನಿಮಗೋರಿ’ ಅಂತ ಬರೆಸಿದ್ದಳು. ಮರಾಠಿಯ ಈ ಮಾತಿಗೆ ಅರ್ಧ ಬೆಳ್ಳಗಿನವಳು ಅಂತ ಅರ್ಥ. ಸಂಬಂಧ ಹುಡುಕುವ ಕಾಗದದ ಹೊರಗೆ ಅಂಥ ಬಣ್ಣವನ್ನು ನಾನು ಕಂಡಿಲ್ಲ.

ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ತ್ರಿಶಲಾಬಾಯಿ ಬರುವುದು ಅಂತ ಪಕ್ಕಾ ಆಯಿತು. ಹೆಂಗಸರ ಕಾರ್ಯಕ್ರಮ, ನೆಪ ಚಲೋ. ಹುಡುಗಿಯನ್ನು ನೋಡಿದಂತೆಯೂ ಆಯಿತು, ನೋಡಲು ಬಂದಿಲ್ಲ ಅಂತಲೂ ಆಯಿತು. ಮುಂಚೆ ನಮ್ಮ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಆಡುತ್ತಿದ್ದರು. ಸುತ್ತ ನಿಂತವರಿಗೆಲ್ಲ ವ್ಯವಹಾರ ನಡೆದದ್ದು ಗೊತ್ತು, ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ. ಹೆಣ್ಣಿನ ಬಣ್ಣದ ಮಾತು ನಮ್ಮ ಮನೆಗಳಲ್ಲಿ ಇವತ್ತಿಗೂ ಟವೆಲ್ಲಿನ ಕೆಳಗೇ ನಡೆಯುತ್ತದೆ.

ಅದೇ ಕಾರ್ಯಕ್ರಮದಲ್ಲಿ ನೀಮಾ ತನ್ನ ಕವಿತೆ ಓದುವುದಿತ್ತು. ಕಾಲೇಜಿನ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಓಣಿಯ ಹೆಂಗಸರು, “ನಮಗೂ ಕೇಳಿಸವಾ, ಶಾಲನ ಅರ್ಥ ಹೇಳ್ತಾಳ” ಅಂದಿದ್ದರು. ಕಾರ್ಯಕ್ರಮಕ್ಕೆ ಮೊದಲು ಒಂದು ಸಂಜೆ ನಾನು ಸಂಬಂಧದ ಮಾತಿಗೆ ಅಂತ ಹೋದಾಗ ಶಾಲನಬಾಯಿ, ನೀಮಾ ಇಬ್ಬರೂ ಹಾಲಿನ ಹೊರಗಿನ ಗ್ಯಾಲರಿಯಲ್ಲಿ ಕುಂತಿದ್ದರು. ಶಾಲನಬಾಯಿ ಕವಿತೆ ಓದಿ ಮುಗಿಸಿ, ಕನ್ನಡಕ ತೆಗೆದು, ಬೋರ್ಡಿನ ಮುಂದೆ ನಿಂತವಳಂತೆ ಹೇಳಿದಳು:

“ಚಲೋ ಅದ. ಮಧ್ಯವರ್ತಿ ಕಲ್ಪನಾ ಏನಪಾ ಅಂದ್ರ, ಬಣ್ಣ ಮುಖ್ಯ ಅಲ್ಲ, ಹೃದಯ ಮುಖ್ಯ.”

ನೀಮಾಳಿಗೆ ನಗು ತಡೆಯಲಾಗಲಿಲ್ಲ. ಆಕೆ ಇಂಗ್ಲಿಷಿನಲ್ಲಿ ಅಂದದ್ದನ್ನು ನನ್ನ ಸಲುವಾಗಿ ಶಾಲನಬಾಯಿಯೇ ಕನ್ನಡಕ್ಕೆ ತಂದಳು: “ಆಂಟಿ, ಹೃದಯ ಎಲ್ಲಿ ಅದ ಇದರಾಗ? ನಾ ಬರದೇ ಇಲ್ಲ. ಚರ್ಮ ಅದ, ಕೂದಲಾ ಅದಾವ, ಕುತ್ತಿಗಿ ಅದ, ವಸಡಿ ಅದ. ಹೃದಯ ಎಲ್ಲಿಂದ ತಂದ್ರಿ?”

“ಹಂಗಲ್ಲಾ, ಎಲ್ಲಾ ಕವಿತಾದೊಳಗ ಒಳಗ ಒಂದು...”

“ಒಳಗ ಏನೂ ಮುಚ್ಚಿಟ್ಟಿಲ್ಲ ಆಂಟಿ. ಎಲ್ಲಾ ಮ್ಯಾಲೇ ಅದ. ಮ್ಯಾಲಿಂದೇ ಚೆಂದ ಅದ ಅಂತನೇ ಬರದೇನಿ.”

ನಾನು ನಡುವೆ ಬಾಯಿ ಹಾಕಿದೆ. “ಅಲ್ಲವಾ, ನಿಮ್ಮ ದೇಶದಾಗ ಎಲ್ಲಾರೂ ಕಪ್ಪು. ಅಲ್ಲಿ ಈ ಮಾತು ಬರಿಯೂ ಜರೂರ ಏನಿತ್ತು?”

ಶಾಲನಬಾಯಿ ನನ್ನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಆಕೆಗೆ ಕೇಳಿ, ಉತ್ತರವನ್ನು ನನಗೆ ಹೇಳಿದಳು. ನೀಮಾ ನನ್ನನ್ನು ಚಿಕ್ಕ ಮಕ್ಕಳನ್ನು ನೋಡಿದಂತೆ ನೋಡಿದಳು. “ನಮ್ಮ ಪ್ಯಾಟ್ಯಾಗೂ ಬಿಳಿ ಆಗೂ ಕ್ರೀಮು ಮಾರ್ತಾರ ಕಾಕಾ. ನಮ್ಮಕ್ಕ ಹಚ್ಚಿ ಹಚ್ಚಿ ಮುಖಾ ಸುಟಗೊಂಡಳು. ಅಕಿ ಸಲುವಾಗಿ ಬರದೇನಿ.”

ಶಾಲನಬಾಯಿ ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡು, ಈ ಸಲ ತುಟಿ ಆಡಿಸುತ್ತ ನಿಧಾನಕ್ಕೆ ಓದಿದಳು. ಒಂದು ಸಾಲಿಗೆ ಬಂದು ಬೆರಳು ನಿಂತಿತು.

“ಗುರುಸಿದ್ಧಣ್ಣ,” ಅಂದಳು, ತಲೆ ಎತ್ತದೆ. “ರಂಗ ಬಿಡ್ರಿ, ಗುಣಾ ನೋಡ್ರಿ. ಈ ಮಾತು ನಿಮ್ಮ ಪ್ಯಾಟ್ಯಾಗ ಎಂಥಾ ರಾಶಿಗೆ ಹೇಳ್ತಾರ?”

“ನಿನಗೇನು ಗೊತ್ತಿಲ್ಲೇನವಾ? ಸುಮ್ಮ ಹೋಗಲಾರದ ರಾಶಿಗೆ.”

“ನನ್ನ ಮದುವಿ ಮಾತಿನ್ಯಾಗ ನಮ್ಮಪ್ಪ ಇವರ ಮನಿಯವರ ಮುಂದ ಕುಂತು ಇದೇ ಮಾತು ಹೇಳಿದ್ದ. ಬಾಗಲಾ ಹಿಂದ ನಿಂತಿದ್ನಿ ನಾ. ನನಗ ಆವಾಗ ಚಲೋ ಅನಿಸಿತ್ತು. ಅಪ್ಪ ನನ್ನ ಹೊಗಳಾಕತ್ತಾನ ಅಂತ.” ಕಾಗದ ಮಡಚಿದಳು. “ಆಮ್ಯಾಲ ನಾನೂ ಅದನ್ನೇ ಮಕ್ಕಳಿಗೆ ಕಲಿಸಿದ್ನಿ. ಇಂಗ್ಲಿಷಿನ್ಯಾಗ.”

ಒಳಗಿನಿಂದ ಚಹಾ ತಂದ ಜಿನಮತಿಬಾಯಿಗೆ ಹಿಂದಿನ ಮಾತು ಕೇಳಿಸಿರಲಿಲ್ಲ, ಆದರೆ ಕವಿತೆಯಲ್ಲಿ ತವೆ ಬರುತ್ತದೆ ಅನ್ನುವುದು ಸಂಪದಾಳಿಂದ ಕಿವಿಗೆ ಬಿದ್ದಿತ್ತು. ಆಕೆ ಚಹಾದ ಕಪ್ಪು-ಬಸಿ ಇಟ್ಟು ಸೊಸೆಗೆ ಅಂದಳು: “ಆ ತವ್ಯಾದ ಸಾಲು ಅಷ್ಟು ಬಿಟ್ಟು ಹೇಳವಾ. ಬೀಗರಾಗೋರು ಕುಂತಿರ್ತಾರ. ನಮ್ಮ ಕೂಸಿಗೆ ಹಂಗ ಕರೀತಿದ್ರು ಅನ್ನೂದು ಅವರಿಗೆ ಯಾಕ ನೆನಪ ಮಾಡಿಕೊಡಬೇಕು?”

“ಅವರಿಗೆ ಗೊತ್ತೇ ಇಲ್ಲಲ್ಲ ಅತ್ತಿ, ನೆನಪ ಹ್ಯಾಂಗ ಆಗ್ತದ?”

“ನೋಡಿದ ಮ್ಯಾಲ ತಾನೇ ಹೊಳೀತದ.”

ನಾನೂ ಜಿನಮತಿಬಾಯಿಯ ಪಕ್ಷವೇ ಹಿಡಿದೆ. ಒಪ್ಪಿಗೆ ಆಗುವ ತನಕ ಒಂದು ಸಾಲು ಕಡಿಮೆಯಾದರೆ ಕವಿತೆಗೇನು ಜ್ವರ ಬರುತ್ತದೆಯೇ? ಶಾಲನಬಾಯಿ ಮಡಚಿದ ಕಾಗದವನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟಳು. ಸಂಪದಾ ಬಾಗಿಲಿಗೆ ಒರಗಿ ನಿಂತು ಫೋನು ನೋಡುತ್ತಿದ್ದಳು. ಫೋನಿನ ದೀಪ ಮಾತ್ರ ಆಗಲೇ ಆರಿತ್ತು.

ಅರಿಷಿಣ-ಕುಂಕುಮದ ದಿನ ಹಾಲಿನ ತುಂಬ ಹೆಂಗಸರು, ಎಲ್ಲರೂ ಕಪ್ಪು ಸೀರೆಯಲ್ಲಿ. ವರ್ಷವೆಲ್ಲ ಕಪ್ಪು ಅಶುಭ ಅನ್ನುವ ನಮ್ಮ ಮಂದಿಗೆ ಸಂಕ್ರಾಂತಿಗೆ ಮಾತ್ರ ಕಪ್ಪೇ ಬೇಕು. ಸೀರೆಗೆ ಒಂದು ದಿನದ ಪರವಾನಗಿ ಉಂಟು, ಮೈಗೆ ಇಲ್ಲ. ಗಂಡಸರಾದ ನಾವು, ಅಂದರೆ ರಾವಸಾಬ, ಹೆಂಡತಿಯನ್ನು ಬಿಡಲು ಬಂದಿದ್ದ ಕಿಶೋರ, ನಾನು, ಗ್ಯಾಲರಿಯಲ್ಲಿ. ನಡುವೆ ತೆರೆದ ಕಿಟಕಿ. ಒಳಗೆ ನಮ್ಮಾಕೆ ಸುನಂದಾಬಾಯಿಯ ಪಕ್ಕದಲ್ಲಿ ತ್ರಿಶಲಾಬಾಯಿ ಕುಂತಿದ್ದಳು. ದಪ್ಪ ಚಷ್ಮಾ, ದಪ್ಪ ಬಳೆ, ನಗುಮುಖ. ಚಷ್ಮಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸಂಪದಾ ಕಪ್ಪು ಸೀರೆಯುಟ್ಟು ಎಳ್ಳು-ಬೆಲ್ಲದ ತಿಳಗೂಳ ಕೊಡುತ್ತ ಓಡಾಡುತ್ತಿದ್ದಳು. ಮುಖಕ್ಕೆ ಅಜ್ಜಿ ಪೌಡರು ಬಳಿದಿದ್ದು ಕಿಟಕಿಯಿಂದಲೂ ಕಾಣುತ್ತಿತ್ತು.

ನೀಮಾ ಎದ್ದು ನಿಂತಳು. ತಮ್ಮೂರಿನ ಹೂವಿನಂಚಿನ ಬಟ್ಟೆ ಸೊಂಟಕ್ಕೆ ಸುತ್ತಿ, ಮೇಲೆ ಜಿನಮತಿಬಾಯಿ ಕೊಟ್ಟ ಕಪ್ಪು ರವಿಕೆ ತೊಟ್ಟಿದ್ದಳು. ಒಂದು ತುಣುಕು ಓದುವುದು, ನಿಲ್ಲುವುದು. ಶಾಲನಬಾಯಿ ಅರ್ಥ ಹೇಳುವುದು. ಆಕೆ ಮರಾಠಿಯಲ್ಲಿ ಹೇಳಿದಳು, ಮುದುಕಿಯರ ಸಲುವಾಗಿ ನಡುನಡುವೆ ಕನ್ನಡದಲ್ಲಿ. ನಾನು ಇಲ್ಲಿ ಎಲ್ಲ ಕನ್ನಡದಲ್ಲೇ ಇಡುತ್ತೇನೆ.

“ನನ್ನನ್ನು ರಾತ್ರಿಗೆ ಹೋಲಿಸಬೇಡಿ. ರಾತ್ರಿ ಬೆಳಗಾದರೆ ಹೋಗುತ್ತದೆ, ನಾನು ಹೋಗುವುದಿಲ್ಲ.”

“ನನ್ನ ಕೂದಲು ಗಾಳಿಯ ಮಾತು ಕೇಳುವುದಿಲ್ಲ. ಬೆರಳಿನ ಮಾತು ಕೇಳುತ್ತದೆ. ಅಮ್ಮನ ಬೆರಳು, ಅಕ್ಕನ ಬೆರಳು.”

ಹೆಂಗಸರು ತಲೆದೂಗಿದರು. ಯಾರೋ ನೀಮಾಳ ಹೆಣಿಗೆಯ ಕಡೆ ಕೈ ತೋರಿಸಿ, “ನನ್ನ ಮೊಮ್ಮಗಳಿಗೂ ಹಿಂಗ ಹಾಕವಾ,” ಅಂದರು.

“ನನ್ನ ವಸಡು ನೇರಳೆ. ನಕ್ಕರೆ ಕಾಣುತ್ತದೆ. ಕಾಣಲಿ ಅಂತಲೇ ನಗುತ್ತೇನೆ.”

ಇಲ್ಲಿ ನೀಮಾ ನಿಜಕ್ಕೂ ನಕ್ಕಳು. ಹಾಲಿನಲ್ಲಿ ಇದ್ದವರಿಗೂ ನಗು ಬಂತು. ಮುಂದಿನ ತುಣುಕನ್ನು ಆಕೆ ಮೆಲ್ಲಗೆ ಓದಿದಳು. ಓದಿ ಶಾಲನಬಾಯಿಯ ಕಡೆ ತಿರುಗಿದಳು. ಶಾಲನಬಾಯಿ ಬಾಯಿ ತೆರೆಯಲಿಲ್ಲ.

“ತಿಳಗೂಳ ಇನ್ನೊಮ್ಮೆ ಕೊಡ ಬಾ ಸಂಪದಾ,” ಅಂದಳು ಜಿನಮತಿಬಾಯಿ, ಗಟ್ಟಿಯಾಗಿ. “ಪಾಪ, ಎಲ್ಲಾರ ಕೈ ಖಾಲಿ ಆಗ್ಯಾವ.” ಎಲ್ಲರ ಕೈಯೂ ತುಂಬಿತ್ತು.

ಸಂಪದಾ ತಾಟು ಹಿಡಿದು ನಿಂತಲ್ಲೇ ನಿಂತಳು. ತಾಯಿ ಮಗಳನ್ನು ನೋಡಿದಳು. ಮಗಳು ತಾಟನ್ನು ಟೀಪಾಯಿಯ ಮೇಲೆ ಇಟ್ಟು ಸೆರಗು ಸರಿ ಮಾಡಿಕೊಂಡಳು, ಅಷ್ಟೇ. ಆಮೇಲೆ ಶಾಲನಬಾಯಿ ಹೇಳಿದಳು, ತರಗತಿಯ ದನಿಯಲ್ಲಲ್ಲ, ಮನೆಯ ದನಿಯಲ್ಲಿ:

“ನಾನು ನನ್ನ ಅಜ್ಜಿಯ ತವೆಯ ತಳ. ಬಸ್‌ಸ್ಟ್ಯಾಂಡಿನಲ್ಲಿ ಚಪಾತಿ ಸುಟ್ಟು ಅವಳು ನಮ್ಮನ್ನೆಲ್ಲ ಸಾಕಿದಳು. ದಿನದಿನದ ಬೆಂಕಿ ಬಳಿದ ಬಣ್ಣ ಇದು. ತಿಕ್ಕಿದರೆ ತವೆ ಸವೆದೀತು, ಬಣ್ಣ ಸವೆಯದು.”

ರಾವಸಾಬನ ಚಹಾ ಬಾಯಿಗೂ ಬಸಿಗೂ ನಡುವೆ ನಿಂತಿತು. ನೀಮಾ ಕಡೆಯ ಸಾಲು ಓದಿದಳು, ಶಾಲನಬಾಯಿ ಮುಗಿಸಿದಳು: “ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಬಂದೆ. ಬಿಸಿಲು ನಿಂತು ನೋಡಿತು. ನೀವೂ ನೋಡಿ.”

ಗಪ್ಪಾಗಿ ಕುಂತ ಮಂದಿಯನ್ನು ನಮ್ಮಾಕೆಗೆ ತಡೆಯಲು ಆಗುವುದಿಲ್ಲ. “ಅಂದ್ರ ಒಟ್ಟಿನ ಮ್ಯಾಲ ಏನಪಾ ಅಂದ್ರ, ಗುಣಾ ಮುಖ್ಯ ಅಂತ. ಹೌದಲ್ಲರೀ ಟೀಚರ?”

“ಅಲ್ಲ ಸುನಂದಕ್ಕ. ಗುಣದ್ದು ಇದರಾಗ ಒಂದೂ ಸಾಲಿಲ್ಲ.”

“ಮತ್ತ?”

“ಅಕಿ ಚೆಂದ ಅದಾಳ ಅಂತ ಅದ. ಕಪ್ಪಗ ಅದಾಳ, ಚೆಂದ ಅದಾಳ. ಇಷ್ಟೇ ಅದ.”

“ಅಷ್ಟೇ?” ಅಂದಳು ನಮ್ಮಾಕೆ, ಮೋಸ ಹೋದವಳಂತೆ. ಜಿನಮತಿಬಾಯಿಗೆ ಕಾಡಿದ್ದು ಬೇರೆ: “ಆ ಅಜ್ಜಿ ತವಾ ತಿಕ್ಕತಿದ್ದಿಲ್ಲಂತ. ಇದು ಎಲ್ಲಾರ ಮುಂದ ಹೇಳೂ ಮಾತೇನು?” ಯಾರೋ ಕಿಸಕ್ಕನೆ ನಕ್ಕರು, ಅದರ ಹಿಂದೆ ಎಲ್ಲರೂ. ತ್ರಿಶಲಾಬಾಯಿಯೂ ನಕ್ಕಳು. ನಾನು ಆರಿದ ಚಹಾ ಎತ್ತಿ ಕುಡಿದೆ.

ಬಾಗಿಲ ಹತ್ತಿರ ಬೀಳ್ಕೊಡುವಾಗ ತ್ರಿಶಲಾಬಾಯಿ ಸಂಪದಾಳ ಗದ್ದ ಹಿಡಿದು, ನಾವೆಲ್ಲ ಕಾದಿದ್ದ ಮಾತು ಆಡಿದಳು. ಮನಸ್ಸು ತುಂಬಿಯೇ ಆಡಿದಳು, ಅದರಲ್ಲಿ ಕಪಟ ಇರಲಿಲ್ಲ. “ನೋಡ್ರಿ, ನಾವು ಬಣ್ಣಾ ಗಿಣ್ಣಾ ನೋಡೂ ಮಂದಿ ಅಲ್ಲ. ನಮಗ ಗುಣಾ ಬೇಕು. ಹುಡುಗಿ ನಮಗ ಒಪ್ಪಿಗಿ ಅದ.”

ಜಿನಮತಿಬಾಯಿ ಸಕ್ಕರೆ ತರಲು ಅಡುಗೆಮನೆಗೆ ಓಡಿದಳು. ಆ ಮೊಣಕಾಲಿಗೆ ಅಂಥ ಓಟ ಇದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕಿಶೋರ ನನ್ನ ಕೈ ಕುಲುಕಿದ. ವ್ಯವಹಾರ ಮುಗಿದಿತ್ತು.

“ಕಾಕೂ,” ಅಂದಳು ಸಂಪದಾ ತ್ರಿಶಲಾಬಾಯಿಗೆ. ಆಕೆಗೆ ಕನ್ನಡ ಕೇಳಲು ಬರುತ್ತದೆ, ಆಡಲು ಸರಾಗ ಬರುವುದಿಲ್ಲ, ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಅವತ್ತು ಯಾಕೋ ಮುರುಕು ಕನ್ನಡದಲ್ಲೇ ಅಂದಳು. “ನೋಡದೆ ಒಪ್ಪು ಬ್ಯಾಡ್ರಿ. ನೋಡಿ ಒಪ್ಪ್ರಿ.”

ತ್ರಿಶಲಾಬಾಯಿಗೆ ತಿಳಿಯಲಿಲ್ಲ. ಆಕೆ ಶಾಲನಬಾಯಿಯ ಕಡೆ ತಿರುಗಿದಳು, ಆಗಷ್ಟೇ ಒಳಗೆ ಎಲ್ಲರೂ ತಿರುಗುತ್ತಿದ್ದಂತೆ. “ಅಂದ್ರ ಏನ ಅಂತಾಳ್ರಿ ಕೂಸು?”

ಈ ಕ್ಷಣದಲ್ಲಿ ಶಾಲನಬಾಯಿಗೆ ಸುಲಭದ ದಾರಿಗಳು ಬೇಕಾದಷ್ಟಿದ್ದವು. ‘ಏನಿಲ್ರಿ, ಆಶೀರ್ವಾದ ಇರಲಿ ಅಂತಾಳ’ ಅಂದಿದ್ದರೆ ಸಕ್ಕರೆ ಹಂಚಿ ಮನೆಗೆ ಹೋಗಬಹುದಿತ್ತು. ಮಗಳಿಗೆ ಹುಡುಗ ಬೇಕಾಗಿದ್ದಾನೆ ಅನ್ನುವುದು ಆಕೆಗೆ ನನಗಿಂತ ಚಲೋ ಗೊತ್ತಿತ್ತು. ನಾನು ಮಗ್ಗುಲಲ್ಲಿ ನಿಂತು ಕಣ್ಣಲ್ಲೇ ಅದನ್ನು ಹೇಳಿದೆ. ಆಕೆ ನನ್ನ ಕಡೆ ನೋಡಲಿಲ್ಲ.

“ಬಣ್ಣಾ ನೋಡೂದಿಲ್ಲ ಅಂದ್ರಿ ನೀವು. ದೊಡ್ಡ ಮನಸಿಂದ ಅಂದ್ರಿ, ನನಗ ಗೊತ್ತದ. ಆದ್ರ ಅಕಿ ಮೈತುಂಬ ಬಣ್ಣನೇ ಅದ. ಅದನ್ನ ನೋಡದೆ ಅಕಿನ್ನ ನೋಡೂದು ಹ್ಯಾಂಗ? ನೋಡ್ರಿ ಅಂತಾಳ. ಚೆಂದ ಅನಿಸಿದ್ರ ಹೂಂ ಅನ್ರಿ. ಅನಿಸಲಿಲ್ಲ ಅಂದ್ರ ಉಹೂಂ ಅನ್ರಿ, ನಾವು ಬ್ಯಾಸರ ಮಾಡ್ಕೊಳ್ಳೂದಿಲ್ಲ. ಮಾಫು ಮಾಡಿ ಮಾತ್ರ ಒಯ್ಯಬ್ಯಾಡ್ರಿ.”

ಸಕ್ಕರೆಯ ಬಟ್ಟಲು ಹಿಡಿದು ಬಂದ ಜಿನಮತಿಬಾಯಿ ಹೊಸ್ತಿಲಲ್ಲೇ ನಿಂತಳು. ತ್ರಿಶಲಾಬಾಯಿಯ ಮುಖ ಕೆಂಪಾಯಿತು; ಸೆರಗು ಎಳೆದುಕೊಂಡು, “ವಿಚಾರ ಮಾಡಿ ಹೇಳ್ತೇವ್ರಿ,” ಅಂದಳು. ನಮ್ಮ ಪೇಟೆಯಲ್ಲಿ ಇದಕ್ಕೆ ಒಂದೇ ಅರ್ಥ. ಚಪ್ಪಲಿ ಮೆಟ್ಟುವಾಗ ಕಿಶೋರ ನನ್ನ ಮುಖ ನೋಡಲಿಲ್ಲ.

ಆಮೇಲಿನ ದಿನಗಳು ಆ ಮನೆಯಲ್ಲಿ ಚಲೋ ಇರಲಿಲ್ಲ. ಜಿನಮತಿಬಾಯಿ ಸೊಸೆಯ ಸಂಗಡ ಮಾತು ಬಿಟ್ಟಳು. ಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. ರಾವಸಾಬ ಚಹಾ ಹೆಚ್ಚು ಮಾಡಿದ. ಸಂಪದಾ ಲ್ಯಾಬಿಗೆ ಹೋಗಿ ಬರುತ್ತಿದ್ದಳು, ಧೀರಜನ ಫೋನು ಎತ್ತುತ್ತಿರಲಿಲ್ಲ. ಆತನ ಹತ್ತಿರ ಮಾತು ಮುಗಿದಿಲ್ಲ, ಆತನ ತಾಯಿಯ ಹತ್ತಿರ ಸುರುವಾಗಿಲ್ಲ ಅಂತ ನೀಮಾಳಿಗೆ ಹೇಳಿದ್ದಳಂತೆ. ನಾನು ಹೋಗಿ ಶಾಲನಬಾಯಿಗೆ, “ಆದ ವ್ಯಾಪಾರ ಕೆಡಿಸಿದಿ ಅಲ್ಲವಾ,” ಅಂದೆ. ಆಕೆ ಇಸ್ತ್ರಿ ಮಾಡುತ್ತಿದ್ದಳು. “ಹೌದಣ್ಣ,” ಅಂದಳು. “ಹೆದರಿಕಿ ನನಗೂ ಅದ. ರಾತ್ರಿ ನಿದ್ದಿ ಇಲ್ಲ. ಆದ್ರ ಅಕಿ ಹಂಗ ಕೇಳಿದ ಮ್ಯಾಲ ನಾ ಬ್ಯಾರೆ ಅರ್ಥ ಹ್ಯಾಂಗ ಹೇಳಲಿ? ನನಗ ಯಾರೂ ಹಂಗ ಕೇಳಬಹುದು ಅಂತನೇ ಹೇಳಿರಲಿಲ್ಲ.” ನನಗೆ ಹೊಳೆದ ಉತ್ತರಗಳೆಲ್ಲ ಪೇಟೆಯವು. ಚಹಾ ಕುಡಿದು ಎದ್ದುಬಂದೆ.

ಕಿಶೋರ ನನ್ನ ಅಂಗಡಿಗೆ ಬರುವುದನ್ನು ಬಿಡುತ್ತಾನೆ ಅಂದುಕೊಂಡಿದ್ದೆ. ಬಂದ. ಅರಿಷಿಣದ ಕೊಂಬು ಕೈಯಲ್ಲಿ ಹಿಡಿದು ಮುರಿದು ನೋಡಿದ, ಇನ್ನೊಂದು ಮುರಿದ. ದರ ಕೇಳಲಿಲ್ಲ.

“ಮನಿಯಾಗ ಅಕಿ ಇನ್ನೂ ತವ್ಯಾದ್ದೇ ಮಾತು ತಗದಾಳ ಗುರುಸಿದ್ಧಪ್ಪ. ಮೊದಲಿಗೆ ಸಿಟ್ಟಿಗೆದ್ದಳು. ನಾ ಇಷ್ಟು ಚಲೋ ಮಾತಾಡಿದ್ರ ಹಿಂಗಂದ್ರಲ್ಲಾ ಅಂತ. ನಿನ್ನಿ ರೊಟ್ಟಿ ಮಾಡ್ಕೋತ ಇದ್ದಕ್ಕಿದ್ದಂಗ ನನಗ ಕೇಳಿದಳು: ‘ರೀ, ಆ ಹುಡುಗಿ ಕಣ್ಣು ಹ್ಯಾಂಗ ಇದ್ದಾವ?’ ನನಗೇನು ಗೊತ್ತು, ನಾ ಗ್ಯಾಲರ್‍ಯಾಗ ಇದ್ನಿ ಅಂದ್ನಿ. ‘ನಾ ಒಳಗೇ ಇದ್ನಿ, ನನಗೂ ಗೊತ್ತಿಲ್ಲ’ ಅಂದಳು.”

“ಚಷ್ಮಾ ತೊಡಿ ಮ್ಯಾಲ ಇತ್ತಲ್ಲ,” ಅಂದೆ.

“ಅಕಿನೂ ಅದನ್ನೇ ಅಂದಳು. ರವಿವಾರ ಮುಂಜಾನೆ ಬರ್ತೀವಿ ಅಂತ ಹೇಳ್ರಿ.”

“ಒಪ್ಪಿಗಿ ಅಂತ ತಿಳಕೊಳ್ಲೇನು?”

“ನೋಡಾಕ ಬರ್ತೀವಿ ಅಂತ ತಿಳಕೊಳ್ರಿ,” ಅಂದ ಕಿಶೋರ. ಮುರಿದ ಕೊಂಬನ್ನು ಮೂಸಿ, ಪಾಲೀಶ್ ಆಗದ ರಾಶಿಯ ಮೇಲೆ ವಾಪಸ್ಸು ಇಟ್ಟ.

ಆ ರವಿವಾರ ಬೆಳಿಗ್ಗೆ ನಾನು ಮೊದಲೇ ಹೋಗಿದ್ದೆ. ಶಾಲನಬಾಯಿ ಹಾಲಿನ ಪಡದೆಗಳನ್ನೆಲ್ಲ ಸರಿಸಿ ಕಟ್ಟುತ್ತಿದ್ದಳು. ಬಿಸಿಲು ಕುರ್ಚಿಯ ತನಕ ಬಂದಿತ್ತು. ನೀಮಾ ಮಾಡಿಯಿಂದ ಕೊಬ್ಬರಿಎಣ್ಣೆಯ ಬಾಟಲಿ ತಂದು ಸಂಪದಾಳ ಕೈಗೆ ಕೊಟ್ಟು ಏನೋ ಕೆಲಸ ಇದೆ ಅಂತ ಹೊರಗೆ ಹೋದಳು. ಜಿನಮತಿಬಾಯಿ ಅಡುಗೆಮನೆಯಲ್ಲಿ ಕಡ್ಲಿಹಿಟ್ಟಿನ ಡಬ್ಬಿ ಇಳಿಸಿ ಬಟ್ಟಲಿಗೆ ಹಾಕಿದಳು. ಕೈ ಅಭ್ಯಾಸದಂತೆ ಅರಿಷಿಣದ ಕಡೆ ಹೋಗಿ ನಡುವೆ ನಿಂತಿತು. ಆಕೆ ಗೋಡೆಯ ಕಡೆ ನೋಡಲಿಲ್ಲ, ಸೊಸೆಯ ಕಡೆಯೂ ನೋಡಲಿಲ್ಲ. ನೇರ ಮೊಮ್ಮಗಳಿಗೆ ಕೇಳಿದಳು:

“ಕಲಸ್ಲೇನವಾ, ಬ್ಯಾಡೋ?”

ಸಂಪದಾ ಎಣ್ಣೆಯ ಬಾಟಲಿಯ ಮುಚ್ಚಳ ತಿರುವುತ್ತಿದ್ದಳು.

“ಕಲಸ್ರಿ ಆಜಿ. ಝುಣಕಾ ಮಾಡ್ರಿ. ಅವರು ಉಂಡು ಹೋಗಲಿ.”